ವಾಹನ ಕೊಳ್ಳುವಾಗ ನಮ್ಮ ಪತ್ತು, ನಮ್ಮ ಕಾಗದ

(ಸಂಘದ ಬೆಳ್ಳಿ ಮಹೋತ್ಸವದ ನಿಮಿತ್ತ ಸಂಶಿಯಲ್ಲಿ ಜರುಗಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯ ಬಗ್ಗೆ ಹಿರಿಯರು ಸವಿಸ್ತಾರವಾಗಿ ಮಾತನಾಡಿದ್ದಾರೆ. ನಮಗೆ ಕಾರ್ಯದರ್ಶಿಗಳು ಕೊಟ್ಟ ವಿಷಯ ಬೇರೆ. “ಕಾರು ತಗೊಳ್ಳಾಕ ಹೋಗಿ ನೀವು ಪಟ್ಟ ಪಾಡು ನಾಲ್ಕು ಮಂದಿಗೆ ಹೇಳ್ರಿ, ಉಪಯೋಗ ಆಗತೈತಿ” ಎಂದರು. ನಮ್ಮ ಮನೆಯ ದಡ್ಡತನವನ್ನು ಊರ ಮುಂದೆ ನಿಂತು ಹೇಳುವುದು ಸುಖದ ಕೆಲಸವಲ್ಲ. ಆದರೂ ಹೇಳಿಬಿಡುತ್ತೇವೆ. ಇನ್ನೊಂದು ಮನೆಗೆ ಈ ಪಾಡು ಬರುವುದು ಬೇಡ.

ನಮ್ಮ ಕಡೆ ಪತ್ತಿನ ಸಂಘ ಎನ್ನುತ್ತೇವೆ. ಪತ್ತು ಎಂದರೆ ನಂಬಿಕೆ. “ಅವಂದು ಊರಾಗ ಪತ್ತು ಐತಿ” ಎಂದರೆ ಅವನಿಗೆ ಕೊಟ್ಟ ರೊಕ್ಕ ತಿರುಗಿ ಬರುತ್ತದೆ ಎಂದು ಅರ್ಥ. 1905ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದಾಗ ಬಂಡವಾಳ ಆಗಿದ್ದದ್ದು ಇದೇ ಪತ್ತು. ಆಗ ಇದ್ದ 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳದ್ದು ಸಾಮಾನ್ಯವಾಗಿ ಅಪರಿಮಿತ ಹೊಣೆ. ಒಬ್ಬ ಮುಳುಗಿಸಿದರೆ ಉಳಿದ ಸದಸ್ಯರು ತುಂಬಿಕೊಡಬೇಕು. ಆದ್ದರಿಂದ ಪಂಚರು ಮನುಷ್ಯನನ್ನು ನೋಡುತ್ತಿದ್ದರು, ಅವನ ಹೊಲ ನೋಡುತ್ತಿದ್ದರು, ನಡತೆ ನೋಡುತ್ತಿದ್ದರು.

ಈಗ ಹುಬ್ಬಳ್ಳಿಗೆ ಹೋಗಿ ವಾಹನ ಸಾಲ ಕೇಳಿದರೆ ಅಲ್ಲಿ ನಮ್ಮ ಮುಖ ನೋಡಿ ಗುರುತು ಹಿಡಿಯುವವರು ಯಾರೂ ಇಲ್ಲ. ಅವರು ಕಂಪ್ಯೂಟರ್ ನೋಡುತ್ತಾರೆ. ಸಿಬಿಲ್ ಎಂಬ ಮುಂಬಯಿಯ ಕಂಪನಿ 2000ರಲ್ಲಿ ಸ್ಥಾಪನೆಯಾಯಿತು. ಹೆಚ್ಚುಕಡಿಮೆ ನಮ್ಮ ಸಂಘದ ವಯಸ್ಸೇ. ಇಂಥವು ಈಗ ನಾಲ್ಕು ಇವೆ: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಯಾರು ಎಲ್ಲಿ ಸಾಲ ಮಾಡಿದರು, ಕಂತು ತುಂಬಿದರೋ ಸುಸ್ತಿಯಾದರೋ, ಯಾರಿಗೆ ಜಾಮೀನು ನಿಂತರು, ಎಲ್ಲವೂ ಅಲ್ಲಿ ಜಮೆಯಾಗುತ್ತದೆ. ಅದನ್ನೆಲ್ಲ ಕೂಡಿಸಿ 300ರಿಂದ 900ರ ವರೆಗೆ ಒಂದು ಅಂಕ ಕೊಡುತ್ತಾರೆ. ಈಗ ಬ್ಯಾಂಕಿನವರ ಲೆಕ್ಕದಲ್ಲಿ ನಮ್ಮ ಪತ್ತು ಅಂದರೆ ಆ ಅಂಕ.

ಇನ್ನು ನಮ್ಮ ಮನೆಯ ಕಥೆ. ನಾವು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಇರುವವರು. ಒಂದು ವರ್ಷ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಗೆ ಚಲೋ ಧಾರಣಿ ಸಿಕ್ಕಿತು. ತಾಯಿಯವರನ್ನು ಹುಬ್ಬಳ್ಳಿ ದವಾಖಾನೆಗೆ ಕರೆದೊಯ್ಯಲು ಪ್ರತಿ ಸಲ ಬಾಡಿಗೆ ಗಾಡಿ ಹುಡುಕುವುದಾಗಿತ್ತು. ಒಂದು ಸಣ್ಣ ಕಾರು ತರೋಣ ಎಂದು ಒಂದು ಅಂಗಡಿಗೆ ಹೋದೆವು. ಹುಡುಗ ಚಹಾ ತರಿಸಿದ. “ಕಾಕಾರ, ಆಧಾರ ಕೊಡ್ರಿ, ಪ್ಯಾನ್ ಕೊಡ್ರಿ, ಪಾಸ್‌ಬುಕ್ ಇದ್ರ ಅದನ್ನೂ ಕೊಡ್ರಿ. ಬರೀ ಬಡ್ಡಿ ಎಷ್ಟ ಬೀಳತೈತಿ ನೋಡೂದಕ್ಕ” ಎಂದ. ಗಾಡಿಯ ಬಾಗಿಲು ತೆಗೆದು ನೋಡುವ ಮೊದಲೇ ನಾವು ಚೀಲದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸುರುವಿದೆವು. ಫೋನಿಗೆ ಮೂರು ಸಲ ಓಟಿಪಿ ಬಂತು. ಮೂರನ್ನೂ ಓದಿ ಹೇಳಿದೆವು. ಯಾತಕ್ಕೆ ಎಂದು ಕೇಳಲಿಲ್ಲ. ಎರಡು ಖಾಲಿ ಫಾರ್ಮಿಗೆ ಸಹಿಯನ್ನೂ ಮಾಡಿದೆವು. ಆ ದಿನ ಕಾರು ಮಾತ್ರ ಕೊಳ್ಳಲಿಲ್ಲ, ಬೆಲೆ ಹೊಂದಲಿಲ್ಲ.

ಮರುದಿನದಿಂದ ಸಾಲ ಬೇಕೇ ಎಂದು ಫೋನುಗಳು. ಅದನ್ನು ಸಹಿಸಿಕೊಂಡೆವು. ಪೆಟ್ಟು ಬಿದ್ದದ್ದು ಎಂಟು ತಿಂಗಳ ಮೇಲೆ. ತಮ್ಮನ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಓದಿನ ಸಾಲಕ್ಕೆ ತಮ್ಮ ಸಹ ಅರ್ಜಿದಾರ. ಮ್ಯಾನೇಜರರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. “ಯಜಮಾನ್ರ, ಈ ಬೈಕಿನ ಸಾಲ ನಿಮ್ಮದೇನ್ರಿ? ನಾಲ್ಕು ಕಂತು ಸುಸ್ತಿ ಐತಿ.” ತಮ್ಮ, “ಇಲ್ರಿ ಸಾಹೇಬ್ರ, ನಮ್ಮ ಮನ್ಯಾಗ ಇರೂದು ಒಂದ ಹಳೇ ಗಾಡಿ, ಅದನ್ನ ರೊಕ್ಕಾ ಕೊಟ್ಟ ತಗೊಂಡೀವಿ” ಎಂದ. ಅದರ ಕೆಳಗೆ ಇನ್ನೊಂದು ಪಟ್ಟಿ. ನಾವು ಕಾರು ನೋಡಲು ಹೋದ ದಿನ ಮತ್ತು ಮರುದಿನ ಏಳು ಹಣಕಾಸು ಕಂಪನಿಗಳು ತಮ್ಮನ ಹೆಸರಿನಲ್ಲಿ ವಿಚಾರಣೆ ಮಾಡಿದ್ದವು. ಹೀಗೆ ಒಮ್ಮೆಲೇ ಬಹಳ ವಿಚಾರಣೆ ಬಿದ್ದರೂ ಅಂಕ ಇಳಿಯಬಹುದು. ಇವನು ಎಲ್ಲರ ಬಾಗಿಲಿಗೂ ಸಾಲಕ್ಕೆ ಅಲೆಯುತ್ತಿದ್ದಾನೆ ಎಂದು ಲೆಕ್ಕ ಹಿಡಿಯುತ್ತಾರೆ.

ಆ ಬೈಕಿನ ಸಾಲ ಯಾರು ಎತ್ತಿದರು? ಆ ಅಂಗಡಿಯಿಂದಲೇ ಕಾಗದ ಹೋಯಿತು ಎನ್ನಲು ನಮ್ಮಲ್ಲಿ ಸಾಕ್ಷಿ ಇಲ್ಲ. ಅದೇ ವರ್ಷ ಸಿಮ್ ಕೊಳ್ಳುವಾಗ ಒಂದು ಪ್ರತಿ ಕೊಟ್ಟಿದ್ದೆವು, ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಪ್ರತಿಗಳನ್ನು ಬಿಟ್ಟು ಬಂದಿದ್ದೆವು, ವಾಟ್ಸಾಪಿನಲ್ಲಿ ಇಬ್ಬರಿಗೆ ಕಳಿಸಿದ್ದೆವು. ಎಲ್ಲ ಕಡೆಯೂ ಒಂದೇ ತರಹದ ಕಾಗದ. ಎಲ್ಲಿ ಸೋರಿತು ಎಂದು ನಮಗೇ ಗೊತ್ತಾಗದ ಹಾಗೆ ನಾವೇ ಮಾಡಿಕೊಂಡಿದ್ದೆವು.

ಕಾಲೇಜಿನ ಫೀ ತುಂಬಲು ಹದಿನೈದು ದಿನವಿತ್ತು. ಮಗಳು ಉಣ್ಣುವುದನ್ನು ಬಿಟ್ಟು ಕೂತಳು. ಆಗ ನಮ್ಮ ಸಂಘವೇ ಇಬ್ಬರು ಸದಸ್ಯರ ಜಾಮೀನಿನ ಮೇಲೆ ಸಾಲ ಮಂಜೂರು ಮಾಡಿತು. ಜಾಮೀನು ನಿಂತ ಇಬ್ಬರೂ ಈ ಸಭೆಯಲ್ಲಿ ಕೂತಿದ್ದಾರೆ, ಹೆಸರು ಹೇಳಬೇಡಿರಿ ಎಂದಿದ್ದಾರೆ. ಮಗಳ ಓದು ಉಳಿಯಿತು. ಇತ್ತ ನಾವು ಪೊಲೀಸರಿಗೆ, ಸಾಲ ಕೊಟ್ಟ ಕಂಪನಿಗೆ, ಅಂಕ ಕೊಡುವ ಕಂಪನಿಗೆ ಲಿಖಿತ ತಕರಾರು ಕೊಟ್ಟೆವು. ಓಡಾಡಿ ಓಡಾಡಿ ಕಡೆಗೆ ಆ ಸಾಲ ನಮ್ಮ ಹೆಸರಿನಿಂದ ಹೋಯಿತು. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರು ಎಂಬಂತೆ, ಆಮೇಲೆ ನಾವು ಕಲಿತ ಮಾತುಗಳನ್ನು ಈಗ ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು, ಗಾಡಿ ನೋಡಲು ಹೋಗುವ ಮುನ್ನ ನಿಮ್ಮ ಪತ್ತಿನ ವರದಿ ನೋಡಿಕೊಳ್ಳಿರಿ. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಸಲ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ನಾವೇ ನಮ್ಮ ವರದಿ ತೆಗೆದು ನೋಡಿದರೆ ಅಂಕ ಇಳಿಯುವುದಿಲ್ಲ. ತಪ್ಪು ಕಂಡರೆ ಬರೆದು ತಕರಾರು ಕೊಡಿರಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಎರಡನೆಯದು, ಬೆಲೆ ಮೊದಲು, ಕಾಗದ ಆಮೇಲೆ. ಕೊಟೇಶನ್ ಪಡೆಯಲು ಹೆಸರು, ಫೋನ್ ನಂಬರು ಸಾಕು. ಕೊಟೇಶನ್ ಹಿಡಿದು ನಾವೇ ಒಂದೆರಡು ಬ್ಯಾಂಕಿನಲ್ಲಿ ಬಡ್ಡಿ ವಿಚಾರಿಸಿ, ಒಂದನ್ನು ಗೊತ್ತು ಮಾಡಿಕೊಂಡು, ಅಲ್ಲಿ ಮಾತ್ರ ಅರ್ಜಿ ಹಾಕಬೇಕು. ಅಂಗಡಿಯವರ ಮುಖಾಂತರವೇ ಸಾಲ ಮಾಡುವುದಾದರೆ ಯಾವ ಕಂಪನಿಗೆ ಅರ್ಜಿ ಕಳಿಸುತ್ತೀರಿ ಎಂದು ಮೊದಲೇ ಕೇಳಿರಿ.

ಮೂರನೆಯದು, ಪ್ರತಿ ಝೆರಾಕ್ಸಿನ ಮೇಲೂ ಬರೆಯಿರಿ: “ಇಂಥ ಅಂಗಡಿಗೆ, ವಾಹನ ಸಾಲಕ್ಕೆ ಮಾತ್ರ”, ತಾರೀಖು, ಸಹಿ. ಆಗ ಆ ಕಾಗದ ಬೇರೆ ಕೆಲಸಕ್ಕೆ ಬರುವುದು ಕಷ್ಟ. ಬಂದರೂ ಎಲ್ಲಿಂದ ಹೋಯಿತು ಎಂದು ತಿಳಿಯುತ್ತದೆ. ಆಧಾರದಲ್ಲಿ ಕಡೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ. ಅದು ನಡೆಯುವಲ್ಲಿ ಅದನ್ನೇ ಕೊಡಿರಿ.

ನಾಲ್ಕನೆಯದು ಓಟಿಪಿ. ನಮ್ಮ ಅಜ್ಜಂದಿರು ಸಾಹುಕಾರನ ಬರಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡರು ಎಂದು ಕೇಳಿ ಬೆಳೆದವರು ನಾವು. ಈ ಓಟಿಪಿ ಎಂಬುದು ಇಂದಿನ ಹೆಬ್ಬೆಟ್ಟು. ಮೆಸೇಜಿನಲ್ಲಿ ಯಾತಕ್ಕಾಗಿ ಎಂದು ಬರೆದಿರುತ್ತದೆ. ಅದನ್ನು ಓದದೆ, ಅಥವಾ ಮಕ್ಕಳಿಂದ ಓದಿಸದೆ, ಯಾರಿಗೂ ಹೇಳಬ್ಯಾಡ್ರಿ. ನಿಜವಾದ ಹೆಬ್ಬೆಟ್ಟಿನ ಮೇಲೂ ಲಕ್ಷ್ಯವಿರಲಿ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಓಟಿಪಿಯ ಗೊಡವೆಯೇ ಇಲ್ಲದೆ, ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಆಧಾರದ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವಿದೆ, ಬೇಕಾದಾಗ ತೆಗೆಯಬಹುದು. ಹಣ ಹೋಯಿತು ಎಂದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ಐದನೆಯದು, ಖಾಲಿ ಫಾರ್ಮಿಗೂ ಖಾಲಿ ಚೆಕ್ಕಿಗೂ ಸಹಿ ಬೇಡ. ಇಂಗ್ಲಿಷಿನಲ್ಲಿದೆ, ನಮಗೆ ತಿಳಿಯುವುದಿಲ್ಲ ಎಂದು ಸುಮ್ಮನೆ ಕೂಡಬಾರದು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಬಡ್ಡಿ, ಖರ್ಚು, ಒಟ್ಟು ಭಾರ ಇವುಗಳನ್ನು ಒಂದು ಪಟ್ಟಿಯಲ್ಲಿ ಬರೆದು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. “ಕನ್ನಡದಾಗ ಕೊಡ್ರಿ” ಎಂದು ಕೇಳಿರಿ, ಅದು ನಿಮ್ಮ ಹಕ್ಕು.

ಆರನೆಯದು, ಹಳೆಯ ಗಾಡಿ ಮಾರುವಾಗ ಅಥವಾ ಬದಲಿ ಕೊಡುವಾಗ. ಸಾಲ ತೀರಿದ ಮೇಲೆ ಸಾಲ ಕೊಟ್ಟವರಿಂದ ಬೇಬಾಕಿ ಪತ್ರವನ್ನೂ ಫಾರ್ಮ್ 35ನ್ನೂ ಪಡೆದು ಆರ್.ಸಿ.ಯಿಂದ ಅವರ ಹೆಸರು ತೆಗೆಸಬೇಕು. ಫಾರ್ಮ್ 29 ಮತ್ತು 30 ತುಂಬಿ ಹೊಸ ಮಾಲೀಕನ ಹೆಸರಿಗೆ ವರ್ಗವಾಗುವ ತನಕ ಬೆನ್ನು ಹತ್ತಿರಿ, ಫಾಸ್ಟ್ಯಾಗ್ ಬಂದು ಮಾಡಿಸಿರಿ. ಈಗಿನ ಕಾರುಗಳು ನಮ್ಮ ಫೋನಿನ ಹೆಸರು, ನಂಬರುಗಳನ್ನೂ ಇಟ್ಟುಕೊಂಡಿರುತ್ತವೆ. ಕೀಲಿ ಕೊಡುವ ಮುನ್ನ ಅವನ್ನೂ ಅಳಿಸಿರಿ.

ಕಡೆಯದು ಜಾಮೀನು. 1872ರ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆಯದಿದ್ದರೆ, ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ. ಗೆಳೆಯನ ಟ್ರ್ಯಾಕ್ಟರಿನ ಕಂತು ತಪ್ಪಿದರೆ ಅದು ನಿಮ್ಮ ವರದಿಯಲ್ಲೂ ಕಾಣುತ್ತದೆ. ಜಾಮೀನು ನಿಲ್ಲಲೇಬೇಡಿರಿ ಎಂದು ನಾವು ಹೇಳುವುದಿಲ್ಲ. ಇಬ್ಬರು ನಿಂತದ್ದಕ್ಕೇ ನಮ್ಮ ಮನೆಯ ಮಗಳು ಓದುತ್ತಿದ್ದಾಳೆ. ಆದರೆ ಕಣಗಿನಹಾಳದ ಹಿರಿಯರ ಹಾಗೆ ಮನುಷ್ಯನನ್ನು ನೋಡಿ ನಿಲ್ಲಿರಿ, ಸಾಲ ತೀರುವ ತನಕ ವಿಚಾರಿಸುತ್ತ ಇರಿ.

“ನಮ್ಮಂಥವರ ಮಾಹಿತಿ ಯಾರಿಗೆ ಬೇಕ್ರಿ?” ಎಂದು ಕೆಲವರು ನಗುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತರು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂದಿತು. ಆ ಹಕ್ಕು ಬೆಂಗಳೂರು, ದಿಲ್ಲಿಯವರಿಗೆ ಮಾತ್ರ ಅಲ್ಲ, ಸಂಶಿಯ ಒಕ್ಕಲಿಗನಿಗೂ ಇದೆ.

ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ವರ್ಷಕ್ಕೊಂದು ದಿವಸ ಸಂಘದ ಕಂಪ್ಯೂಟರಿನಲ್ಲಿ ಸದಸ್ಯರಿಗೆ ಅವರವರ ಪತ್ತಿನ ವರದಿ ತೆಗೆದು ತೋರಿಸುವ ಏರ್ಪಾಡು ಆಗಲಿ. ಸದಸ್ಯರು ಎದುರಿಗೆ ಕೂತು ತಾವೇ ಓಟಿಪಿ ಹಾಕಲಿ, ನೋಡಿದ ಕಾಗದ ಅವರ ಕೈಯಲ್ಲೇ ಹೋಗಲಿ. ಹಾಗೆಯೇ ಸಂಘದ ಕಪಾಟಿನಲ್ಲಿರುವ ನಮ್ಮೆಲ್ಲರ ಆಧಾರ, ಉತಾರಗಳಿಗೂ ಭದ್ರವಾದ ಕೀಲಿ ಇರಲಿ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ಬಗ್ಗೆ ಠರಾವು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ.

ಅಂದ ಹಾಗೆ, ಕಾರು ಕೊಂಡೆವು. ಈ ಸಲ ಗಾಡಿಯ ಬಾಗಿಲು ಮೊದಲು ತೆಗೆಸಿದೆವು, ಕಾಗದದ ಚೀಲ ಆಮೇಲೆ ತೆಗೆದೆವು. ತಾಯಿಯವರು ಅದರಲ್ಲೇ ಕೂತು ಈ ಸಭೆಗೆ ಬಂದಿದ್ದಾರೆ.