ತುಂಡಾದ ಮೇಲೂ ನಡೆಯುವ ಜಾಲ

ಈ ದಿನ ಪದವಿ ಪಡೆಯುತ್ತಿರುವ ಎಂಜಿನಿಯರ್‌ಗಳೇ, ಇವರ ಫೀಸು ಕಟ್ಟಿ, ಹಾಸ್ಟೆಲ್ ಊಟದ ದೂರು ಕೇಳಿಸಿಕೊಂಡು, ಇವತ್ತು ಹಿಂದಿನ ಸಾಲುಗಳಲ್ಲಿ ಕೂತಿರುವ ತಂದೆತಾಯಂದಿರೇ,

ಘಟಿಕೋತ್ಸವದಲ್ಲಿ ದೊಡ್ಡ ಕನಸು ಕಾಣಿ ಎಂದು ಹೇಳುವುದು ವಾಡಿಕೆ. ಅದನ್ನು ಹೇಳುವವರು ನಿಮಗೆ ಬೇಕಾದಷ್ಟು ಸಿಗುತ್ತಾರೆ. ನಾನು ಬೆಂಗಳೂರಿನಲ್ಲಿ ಸೇನೆಯ ವೈರ್‌ಲೆಸ್ ಸೆಟ್‌ಗಳ ಕೆಲಸದಲ್ಲೇ ತಲೆ ನರೆತವನು. ಗುಂಡು ಹಾರುವ ಜಾಗದಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ತಲುಪುವುದು ಹೇಗೆ ಎನ್ನುವುದೊಂದೇ ನನಗೆ ಗೊತ್ತಿರುವ ವಿದ್ಯೆ. ಅದರ ಬಗ್ಗೆಯೇ ಮಾತಾಡುತ್ತೇನೆ. ನಿಮ್ಮಲ್ಲಿ ಸೇನೆಯ ಕಡೆ ತಲೆ ಹಾಕದವರಿಗೂ ಇದರಲ್ಲಿ ಕೆಲಸಕ್ಕೆ ಬರುವುದು ಏನಾದರೂ ಇರಬಹುದು.

1962ರ ಅಕ್ಟೋಬರ್ 20ರ ಬೆಳಗಿನ ಜಾವ ನಮ್ಮ 7ನೇ ಬ್ರಿಗೇಡ್ ಈಗಿನ ಅರುಣಾಚಲದ ನಮ್ಕಾ ಚೂ ಎಂಬ ಹೊಳೆಯ ದಂಡೆಯುದ್ದಕ್ಕೂ ಹರಡಿಕೊಂಡಿತ್ತು. ಚೀನಾದ ಮಾರ್ಟರ್ ಗುಂಡುಗಳು ಬೀಳತೊಡಗಿದವು. ಅದೇ ಹೊತ್ತಿಗೆ ಟೆಲಿಫೋನ್ ತಂತಿಗಳೂ ತುಂಡಾದವು. ಸೈನಿಕರು ಹೋರಾಡಿದರು, ಆದರೆ ಪಕ್ಕದ ತುಕಡಿಗೆ ಏನಾಯಿತೆಂದು ಈ ತುಕಡಿಗೆ ಗೊತ್ತಿಲ್ಲ, ಎರಡಕ್ಕೂ ಏನಾಯಿತೆಂದು ಮೇಲಿನವರಿಗೆ ಗೊತ್ತಿಲ್ಲ. ಬ್ರಿಗೇಡನ್ನು ಮುನ್ನಡೆಸಿ ಕೊನೆಗೆ ಚೀನಿಯರ ಸೆರೆಯಾದ ಬ್ರಿಗೇಡಿಯರ್ ಜಾನ್ ದಳವಿ ಆ ದಿನಗಳ ಕಥೆಯನ್ನು 'ಹಿಮಾಲಯನ್ ಬ್ಲಂಡರ್' ಪುಸ್ತಕದಲ್ಲಿ ಬರೆದರು. ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದದ್ದರಿಂದ ನಿಮ್ಮ ಅಪ್ಪಂದಿರಲ್ಲಿ ಎಷ್ಟೋ ಜನ ಅದನ್ನು ಓದಿರುತ್ತಾರೆ. ಬೂಟು, ಕಂಬಳಿ, ಮದ್ದುಗುಂಡಿನ ಕೊರತೆಯ ಮಾತು ಎಲ್ಲರ ನೆನಪಿನಲ್ಲೂ ಉಳಿದಿದೆ. ತಂತಿಯ ಮಾತು ಅಷ್ಟಾಗಿ ಉಳಿದಿಲ್ಲ. ನನ್ನ ಕಣ್ಣು ಮಾತ್ರ ಪ್ರತಿ ಸಲವೂ ಅಲ್ಲೇ ನಿಲ್ಲುತ್ತದೆ.

ತಂತಿ ತುಂಡಾಗುವುದು ಯುದ್ಧದಲ್ಲಿ ದೊಡ್ಡ ಸುದ್ದಿಯೇನಲ್ಲ. ತುಂಡಾದ ಮರುಕ್ಷಣ ಏನು ಮಾಡಬೇಕೆಂದು ಮೊದಲೇ ಯೋಚಿಸಿಟ್ಟಿದ್ದರೇ ಎನ್ನುವುದು ಪ್ರಶ್ನೆ. ಯುದ್ಧಭೂಮಿಯ ಸಂಪರ್ಕ ಜಾಲವನ್ನು ಹೊಸದಾಗಿಸುತ್ತೇವೆ ಎಂದು ಯಾರೇ ಹೊರಟರೂ ನಾನು ಕೇಳುವುದು ಇದನ್ನೇ. ಹೆಚ್ಚಿನವರು ಉತ್ತರವಾಗಿ ವೇಗದ ಅಂಕಿ ಹೇಳುತ್ತಾರೆ: ಇಷ್ಟು ಮೆಗಾಬಿಟ್, ಇಷ್ಟು ವಿಡಿಯೊ.

ನಮ್ಮ ಸೇನೆಯ ಸಿಗ್ನಲ್ ದಳ ಹುಟ್ಟಿದ್ದು 1911ರಲ್ಲಿ. ಎಪ್ಪತ್ತು ಚಿಲ್ಲರೆ ವರ್ಷಗಳ ನಂತರ, 80ರ ದಶಕದಲ್ಲಿ, 'ಏರೆನ್' ಎಂಬ ಜಾಲ ಬಂತು. ರಣರಂಗದ ಹಿಂದೆ ಬಲೆಯಂತೆ ಹರಡಿಕೊಂಡು, ಸೇನೆ ಚಲಿಸಿದಂತೆ ತಾನೂ ಲಾರಿ ಹತ್ತಿ ಚಲಿಸುವ ರೇಡಿಯೊ ಜಾಲ ಅದು. ಅದರ ಉಪಕರಣಗಳು ತಯಾರಾದದ್ದು ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿ.ಇ.ಎಲ್.ನಲ್ಲಿ. ಅದರ ಜಾಗಕ್ಕೆ ಬರಬೇಕಾಗಿದ್ದ ಟ್ಯಾಕ್ಟಿಕಲ್ ಕಮ್ಯುನಿಕೇಷನ್ ಸಿಸ್ಟಂ ಎಂಬ ಯೋಜನೆಗೆ ನಿಮಗಿಂತ ಹೆಚ್ಚು ವಯಸ್ಸಾಗಿದೆ. ಕಲ್ಪನೆ, ಸಮಿತಿ, ಟೆಂಡರು, ಮತ್ತೆ ಸಮಿತಿ. ಅಷ್ಟರಲ್ಲಿ ನೀವು ಹುಟ್ಟಿ, ಓದಿ, ಇಲ್ಲಿಗೆ ಬಂದು ಕೂತಿದ್ದೀರಿ. ಇದರ ಬಗ್ಗೆ ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ಭಾಷಣ ದಾರಿ ತಪ್ಪುತ್ತದೆ.

ಕೆಲಸ ನಿಂತಿಲ್ಲ ಎನ್ನುವುದೂ ನಿಜ. ಗಡಿಯ ಠಾಣೆಗಳವರೆಗೆ ಆಪ್ಟಿಕಲ್ ಫೈಬರ್ ಒಯ್ಯುವ ಆಸ್ಕಾನ್ ಜಾಲದ ನಾಲ್ಕನೇ ಹಂತಕ್ಕೆ ಬೆಂಗಳೂರಿನದೇ ಐ.ಟಿ.ಐ. ಕಂಪನಿಯ ಜೊತೆ 2020ರಲ್ಲಿ ಒಪ್ಪಂದವಾಯಿತು, ಮೊತ್ತ 7,796 ಕೋಟಿ ರೂಪಾಯಿ. ನೌಕಾಪಡೆಗೆ 2013ರಲ್ಲಿ, ವಾಯುಪಡೆಗೆ 2018ರಲ್ಲಿ ಇಸ್ರೊ ಕಟ್ಟಿದ ಉಪಗ್ರಹಗಳು ಮೇಲೇರಿದವು. 2021ರಲ್ಲಿ ರಕ್ಷಣಾ ಸಚಿವಾಲಯವು ಸಾಫ್ಟ್‌ವೇರ್ ರೇಡಿಯೊಗಳಿಗಾಗಿ ಬಿ.ಇ.ಎಲ್.ಗೆ ಸಾವಿರ ಕೋಟಿ ಮೀರಿದ ಆರ್ಡರ್ ಕೊಟ್ಟಿತು. ಹಳೆಯ ಸೆಟ್‌ನಲ್ಲಿ ರೇಡಿಯೊದ ಗುಣವೆಲ್ಲ ಕಾಯಿಲ್, ಕ್ರಿಸ್ಟಲ್, ಫಿಲ್ಟರ್‌ಗಳಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು; ಗುಣ ಬದಲಿಸಬೇಕೆಂದರೆ ಸೆಟ್ಟನ್ನೇ ಬದಲಿಸಬೇಕು. ಈಗ ಅದೇ ಪೆಟ್ಟಿಗೆಗೆ ಬೇರೆ ಪ್ರೋಗ್ರಾಂ ತುಂಬಿದರೆ ಬೇರೆ ರೇಡಿಯೊ ಆಗುತ್ತದೆ. ಆ ಪ್ರೋಗ್ರಾಂಗೆ ನಮ್ಮ ಕಡೆ ವೇವ್‌ಫಾರ್ಮ್ ಎನ್ನುತ್ತೇವೆ. ಸೆಟ್ ಎಲ್ಲಿ ತಯಾರಾಯಿತು ಎನ್ನುವುದಕ್ಕಿಂತ ವೇವ್‌ಫಾರ್ಮ್ ಬರೆದವರು ಯಾರು, ಅದರ ಕೀಲಿ ಯಾರ ಕೈಯಲ್ಲಿದೆ ಎನ್ನುವುದು ಇವತ್ತು ದೊಡ್ಡ ವಿಷಯ.

ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡವರಿಗೆ ಅಮೆರಿಕದ ಕಥೆ ಹೇಳಬೇಕು. 1997ರಲ್ಲಿ ಅಲ್ಲಿನವರು ಒಂದು ಯೋಜನೆ ಶುರು ಮಾಡಿದರು. ಎಲ್ಲ ಪಡೆಗಳಲ್ಲಿದ್ದ ಹತ್ತಾರು ಬಗೆಯ ರೇಡಿಯೊಗಳ ಬದಲು ಒಂದೇ ಸಾಫ್ಟ್‌ವೇರ್ ಕುಟುಂಬ ಎಂಬ ಯೋಜನೆ. ಅಂದದ ಕಲ್ಪನೆ. ಬೇಡಿಕೆಯ ಪಟ್ಟಿ ಬೆಳೆಯಿತು, ಪೆಟ್ಟಿಗೆಯ ತೂಕ ಬೆಳೆಯಿತು, ಬೆಲೆಯೂ ಬೆಳೆಯಿತು. ವಾಹನಗಳಲ್ಲಿ ಇಡಬೇಕಾಗಿದ್ದ ರೇಡಿಯೊವನ್ನು 2011ರಲ್ಲಿ ಕೈಬಿಟ್ಟರು. ಅದರ ಪಕ್ಕದಲ್ಲೇ ಇನ್ನೊಂದು ಜಾಲ, ವಿನ್-ಟಿ ಎಂದು. ಚಲಿಸುವ ವಾಹನದಲ್ಲೂ ಉಪಗ್ರಹದ ಸಂಪರ್ಕ ಕೊಡುವಂಥದ್ದು. ಇರಾಕ್, ಅಫ್ಘಾನಿಸ್ತಾನದಂಥ ಯುದ್ಧಗಳನ್ನು ಕಣ್ಣ ಮುಂದಿಟ್ಟುಕೊಂಡು ಬೆಳೆದದ್ದು. ಅಲ್ಲಿ ಎದುರಾಳಿಗೆ ಜಾಮ್ ಮಾಡುವ, ಅಂದರೆ ಗದ್ದಲದ ತರಂಗ ಬಿಟ್ಟು ಸಂಪರ್ಕ ಕೆಡಿಸುವ, ಶಕ್ತಿ ಹೆಚ್ಚೇನೂ ಇರಲಿಲ್ಲ. 2014ರಲ್ಲಿ ರಷ್ಯಾ ಪೂರ್ವ ಉಕ್ರೇನಿನಲ್ಲಿ ಏನೇನು ಜಾಮ್ ಮಾಡಬಲ್ಲದು ಎಂದು ತೋರಿಸಿತು. 2017ರಲ್ಲಿ ಅಮೆರಿಕದ ಸೇನೆಯೇ, ಬಲಿಷ್ಠ ಎದುರಾಳಿಯ ಮುಂದೆ ಈ ಜಾಲ ಉಳಿಯುವುದಿಲ್ಲ ಎಂದು ತನ್ನ ಸಂಸತ್ತಿನ ಮುಂದೆ ಒಪ್ಪಿಕೊಂಡು ಖರೀದಿ ನಿಲ್ಲಿಸಿತು. ಅಷ್ಟೊತ್ತಿಗೆ ನೂರಾರು ಕೋಟಿ ಡಾಲರ್ ಖರ್ಚಾಗಿತ್ತು. ಬ್ರಿಟನ್ನಿನ ಬೋಮನ್ ರೇಡಿಯೊ ಬಂದಾಗಲಂತೂ ಅಲ್ಲಿನ ಸೈನಿಕರು, ಇದಕ್ಕಿಂತ ಒಂದು ನಕ್ಷೆ, ಒಂದು ನೋಕಿಯಾ ಫೋನ್ ಕೊಟ್ಟಿದ್ದರೆ ವಾಸಿ ಎಂದು ಆಡಿಕೊಳ್ಳುತ್ತಿದ್ದರು.

ಈ ಯೋಜನೆಗಳನ್ನು ಕಟ್ಟಿದವರು ದಡ್ಡರಲ್ಲ, ನಿಮ್ಮಷ್ಟೇ ಚುರುಕಿನವರು. ಜಾಲ ಚೆನ್ನಾಗಿ ನಡೆಯುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ವಿನ್ಯಾಸ ಮಾಡಿದರು. ಅಲ್ಲೇ ಎಡವಟ್ಟಾದದ್ದು.

2022ರ ಫೆಬ್ರುವರಿ 24ಕ್ಕೆ ಬನ್ನಿ. ರಷ್ಯಾದ ಪಡೆಗಳು ಉಕ್ರೇನಿನೊಳಗೆ ನುಗ್ಗುವುದಕ್ಕೆ ಸುಮಾರು ಒಂದು ಗಂಟೆ ಮೊದಲು ಕೆಎ-ಸ್ಯಾಟ್ ಎಂಬ ಉಪಗ್ರಹ ಜಾಲದ ಸಾವಿರಾರು ಮೋಡೆಮ್‌ಗಳು ಒಮ್ಮೆಲೇ ಸತ್ತವು. ಉಪಗ್ರಹಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ನೆಲದ ಮೇಲಿನ ನಿರ್ವಹಣಾ ವ್ಯವಸ್ಥೆಯೊಳಗೆ ನುಸುಳಿ, ಮೋಡೆಮ್‌ಗಳ ಸ್ಮೃತಿಯನ್ನೇ ಅಳಿಸಿಹಾಕಿದ್ದರು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ದೂರನಿಯಂತ್ರಣವೂ ಅದೇ ಏಟಿಗೆ ಕೈತಪ್ಪಿತು. ಉಕ್ರೇನಿಗೆ ಕೆಲವೇ ದಿನಗಳಲ್ಲಿ ಸ್ಟಾರ್‌ಲಿಂಕ್ ಎಂಬ ಖಾಸಗಿ ಉಪಗ್ರಹ ಜಾಲದ ಡಿಶ್‌ಗಳು ಬಂದಿಳಿದವು. ಮುಂದೆ ರಣರಂಗದ ಸಂಪರ್ಕಕ್ಕೆ ಆ ದೇಶ ಬಹುಪಾಲು ಅವುಗಳನ್ನೇ ನೆಚ್ಚಿತು. ಒಬ್ಬ ಖಾಸಗಿ ಮಾಲೀಕನ ಮರ್ಜಿ ಒಂದು ದೇಶದ ರಣರಂಗದ ಸ್ವಿಚ್ಚಾಗುವುದು ನನಗೇನೂ ಹಿತವೆನಿಸುವುದಿಲ್ಲ. ಆದರೆ ಮುಳುಗುವವನು ಹಗ್ಗದ ಬ್ರಾಂಡ್ ಕೇಳುವುದಿಲ್ಲ, ಸರಿಯೇ.

ಅದೇ ಯುದ್ಧದಲ್ಲಿ ಇನ್ನೊಂದು ನಡೆಯಿತು. 2023ರ ಹೊಸ ವರ್ಷದ ಮಧ್ಯರಾತ್ರಿ ಮಕೀವ್ಕಾ ಊರಿನಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ರಾಕೆಟ್‌ಗಳು ಬಿದ್ದವು. ರಷ್ಯಾವೇ 89 ಜನ ಸತ್ತರೆಂದು ಒಪ್ಪಿಕೊಂಡು, ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಎಂದಿತು. ಅಧಿಕಾರಿಗಳು ತಮ್ಮ ತಪ್ಪನ್ನು ಸತ್ತವರ ತಲೆಗೆ ಕಟ್ಟಿದರು ಎಂಬ ಮಾತೂ ಅಲ್ಲೇ ಎದ್ದಿತು. ಏನೇ ಇರಲಿ, ಭೌತಶಾಸ್ತ್ರ ಸುಳ್ಳು ಹೇಳುವುದಿಲ್ಲ. ಆಂಟೆನಾದಿಂದ ತರಂಗ ಹೊರಟಿತೆಂದರೆ ಅದು ಗೆಳೆಯನಿಗೆ ಮಾತ್ರ ಕೇಳಿಸುವಂತೆ ಮಾಡುವುದು ಬಹಳ ಕಷ್ಟ. ಮಾತನ್ನು ಗೂಢಲಿಪಿಯಲ್ಲಿ ಮುಚ್ಚಬಹುದು. ಮಾತು ಎಲ್ಲಿಂದ ಬಂತು ಎನ್ನುವುದನ್ನು ಅಷ್ಟು ಸುಲಭವಾಗಿ ಮುಚ್ಚಲಾಗದು. ಸೆಕೆಂಡಿಗೆ ನೂರಾರು ಸಲ ಕಂಪನಾಂಕ ಬದಲಿಸುತ್ತ ನೆಗೆಯುವ ತಂತ್ರ ಹಳೆಯದೇ. ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ಅಂಥದ್ದೊಂದಕ್ಕೆ ಪೇಟೆಂಟ್ ಪಡೆದಿದ್ದರು. ಅದರಿಂದ ಕದ್ದು ಕೇಳುವವನಿಗೂ ಜಾಮ್ ಮಾಡುವವನಿಗೂ ಕೆಲಸ ಹೆಚ್ಚಾಗುತ್ತದೆ, ಅಷ್ಟೇ. ಎದುರಾಳಿಯ ಬಳಿ ಈಗ ಇಡೀ ಬ್ಯಾಂಡನ್ನು ಒಟ್ಟಿಗೆ ಆಲಿಸುವ ರಿಸೀವರ್ ಇದೆ.

ಕೊನೆಗೆ ಏನಾಯಿತು ನೋಡಿ. ಜಾಮಿಂಗ್ ಎಷ್ಟು ಬಿಗಿಯಾಯಿತೆಂದರೆ, 2024ರ ಹೊತ್ತಿಗೆ ಎರಡೂ ಕಡೆಯವರು ಡ್ರೋನುಗಳ ಹೊಟ್ಟೆಗೆ ಫೈಬರ್ ಉಂಡೆ ಕಟ್ಟಿ ಹಾರಿಸತೊಡಗಿದರು. ಹತ್ತು, ಇಪ್ಪತ್ತು ಕಿಲೋಮೀಟರ್ ಉದ್ದದ, ಕೂದಲಿನಷ್ಟು ತೆಳ್ಳಗಿನ ಎಳೆ. ಡ್ರೋನ್ ಮುಂದೆ ಹೋಗುತ್ತದೆ, ಎಳೆ ಹಿಂದೆ ಬಿಚ್ಚಿಕೊಳ್ಳುತ್ತದೆ. ಹೊಲಗಳ ಮೇಲೆ ಆ ಎಳೆಗಳು ಜೇಡರ ಬಲೆಯ ಹಾಗೆ ಬಿದ್ದಿರುವ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅತ್ಯಾಧುನಿಕ ಎನ್ನಿಸಿಕೊಂಡ ಆಯುಧ ಮತ್ತೆ ತಂತಿಗೆ ಬಂದು ನಿಂತಿತು.

ಇನ್ನು ಒಂದಿಷ್ಟು ಲೆಕ್ಕ. ಗೋಪುರವಿಲ್ಲದೆ, ಪ್ರತಿ ಸೈನಿಕನ ಸೆಟ್ಟೂ ಪಕ್ಕದವನ ಮಾತನ್ನು ದಾಟಿಸುವ ಜಾಲಗಳನ್ನು ಎಲ್ಲ ಸೇನೆಗಳೂ ಬಯಸುತ್ತವೆ. ಒಂದು ಸೆಟ್ ಹೋದರೆ ಮಾತು ಬೇರೆ ದಾರಿ ಹುಡುಕಿಕೊಳ್ಳುತ್ತದೆ, ಇದು ಒಳ್ಳೆಯದೇ. ಆದರೆ 2000ದಲ್ಲಿ ಪೀಯೂಷ್ ಗುಪ್ತಾ ಮತ್ತು ಪಿ.ಆರ್. ಕುಮಾರ್ ಬರೆದ ಒಂದು ಪ್ರಬಂಧವನ್ನು ನಿಮ್ಮ ಎಂ.ಟೆಕ್. ಮೇಷ್ಟ್ರು ಓದಿಸಿರಬೇಕು. ಓದಿಸದಿದ್ದರೆ ಈಗ ಹೋಗಿ ಕೇಳಿ. ಇಂಥ ಜಾಲದಲ್ಲಿ ಜನ ಹೆಚ್ಚಿದಂತೆ ತಲಾ ಒಬ್ಬನಿಗೆ ಸಿಗುವ ವೇಗ ಇಳಿಯುತ್ತಲೇ ಹೋಗುತ್ತದೆ ಎಂದು ಅವರು ತೋರಿಸಿದರು. ಸುಮಾರಾಗಿ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ, ಅದಕ್ಕಿಂತ ತುಸು ಜಾಸ್ತಿಯೇ. ಮದುವೆ ಛತ್ರದ ಊಟದ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಪಕ್ಕದ ಎಲೆಯವನ ಮಾತೂ ಕೇಳಿಸುವುದಿಲ್ಲವಲ್ಲ, ಹಾಗೆ. ಪ್ರದರ್ಶನದಲ್ಲಿ ಆರು ಸೆಟ್ ಇಟ್ಟು ವಿಡಿಯೊ ತೋರಿಸಿದವರು ಆರುನೂರು ಸೆಟ್‌ಗಳ ದಿನ ಎಲ್ಲಿರುತ್ತಾರೋ ಗೊತ್ತಿಲ್ಲ.

ಹಿಮಾಲಯದ ಒಂದು ಕಣಿವೆಗೆ ಸೆಟ್ ಪರೀಕ್ಷೆಗೆಂದು ಹೋಗಿದ್ದೆವು. ನಾವು ಒಯ್ದದ್ದು ವಿ.ಎಚ್.ಎಫ್. ಸೆಟ್, ಅದರ ತರಂಗ ನೇರ ನಡೆಯುತ್ತದೆ, ಅಡ್ಡ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ನಾಲ್ಕೂ ಕಡೆ ಗುಡ್ಡ. ನಮ್ಮ ಜೊತೆಗಿದ್ದ ಸಿಗ್ನಲ್ ದಳದ ಹವಾಲ್ದಾರ್ ಕೊಡಗಿನವರು. ನಾವು ಲ್ಯಾಪ್‌ಟಾಪ್‌ನಲ್ಲಿ ನಕ್ಷೆ ತಿರುವುತ್ತಿದ್ದಾಗ ಅವರು ಹಳೆಯ ಎಚ್.ಎಫ್. ಸೆಟ್ ತೆಗೆದು, ಎರಡು ಕೋಲು ನೆಟ್ಟು, ಎದೆಯೆತ್ತರದಲ್ಲಿ ಒಂದು ತಂತಿಯನ್ನು ನೆಲಕ್ಕೆ ಸಮಾನಾಂತರವಾಗಿ ಎಳೆದು ಕಟ್ಟಿದರು. ತಂತಿ ಅಷ್ಟು ತಗ್ಗಿನಲ್ಲಿದ್ದರೆ ತರಂಗ ಹೆಚ್ಚುಕಡಿಮೆ ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ, ಅಯಾನುಗೋಳಕ್ಕೆ ತಾಗಿ ಕೊಡೆಯ ಹಾಗೆ ಸುತ್ತಲಿನ ಕಣಿವೆಗಳಿಗೆಲ್ಲ ಇಳಿಯುತ್ತದೆ. ಗುಡ್ಡ ಅಡ್ಡ ಬರುವುದಿಲ್ಲ. ಸಿಗುವುದು ಸೆಕೆಂಡಿಗೆ ಕೆಲವೇ ಕಿಲೋಬಿಟ್. ಕೈಗವಸು ಕಳಚದೆ, ಆ ದಪ್ಪ ಗುಂಡಿಯನ್ನು ತಿರುಗಿಸಿ ಅವರು ಆಚೆ ಕಣಿವೆಯವರ ಜೊತೆ ಮಾತಾಡಿದರು. ಆಮೇಲೆ ನಮ್ಮ ಹೊಸ ಸೆಟ್ಟನ್ನು ಕೈಗೆತ್ತಿಕೊಂಡು, ತೆರೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕೈಗವಸಿಗೆ ಅದು ಜಗ್ಗಲಿಲ್ಲ. "ಸಾರ್, ಇದ್ರಲ್ಲಿ ಎಷ್ಟೊಂದು ಮೆನು ಇಟ್ಟಿದ್ದೀರಿ. ನಂಗೆ ಆನ್ ಆಗ್ಬೇಕು, ಆ ಕಡೆಯವನಿಗೆ ಕೇಳಿಸ್ಬೇಕು, ಅಷ್ಟೇ. ಬ್ಯಾಟರಿ ಮಾತ್ರ ನೀವು ಹೇಳಿದಷ್ಟು ಹೊತ್ತು ಬರಲ್ಲ, ರಾತ್ರಿ ಅಂಗಿಯೊಳಗೆ ಇಟ್ಕೊಂಡು ಮಲಗ್ತೀವಿ" ಎಂದರು.

ಶತ್ರುವಿನ ಟ್ಯಾಂಕುಗಳು ಎಲ್ಲಿವೆ, ಎಷ್ಟಿವೆ, ಯಾವ ದಿಕ್ಕಿಗೆ ಹೊರಟಿವೆ ಎಂದು ಹೇಳಲು ಐವತ್ತು ಬೈಟ್ ಬೇಕಾಗುವುದಿಲ್ಲ. ಅದು ಆ ತಂತಿಯ ಮೇಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಟ್ಯಾಂಕಿನ ವಿಡಿಯೊ ಹೋಗುವುದಿಲ್ಲ. ಯಾವ ಐವತ್ತು ಬೈಟ್ ಮೊದಲು ಹೋಗಬೇಕು, ಜಾಲ ಬಡವಾದಂತೆ ಏನೇನನ್ನು ತಾನಾಗಿಯೇ ಬಿಟ್ಟುಕೊಡಬೇಕು, ಪೂರ್ತಿ ಕಡಿದಾಗ ತುಕಡಿಯ ನಾಯಕ ಯಾರನ್ನೂ ಕೇಳದೆ ಯಾವ ನಿರ್ಧಾರ ತೆಗೆದುಕೊಳ್ಳಬಹುದು, ಮತ್ತೆ ಸೇರಿದಾಗ ಎರಡು ಕಡೆಯ ಲೆಕ್ಕ ಹೇಗೆ ಹೊಂದಬೇಕು: ನನ್ನ ಮಟ್ಟಿಗೆ ಆಧುನೀಕರಣದ ಕಷ್ಟದ ಭಾಗ ಇದು. ಇದರಲ್ಲಿ ರೇಡಿಯೊ ಎಂಜಿನಿಯರಿಂಗ್ ಅರ್ಧ. ಉಳಿದರ್ಧ ಸೇನೆಯ ಅಭ್ಯಾಸದ್ದು. ಮೇಲಿನವರಿಗೆ ಪ್ರತಿ ಸೈನಿಕನ ತಲೆಯ ಮೇಲಿನ ಕ್ಯಾಮೆರಾ ನೋಡುವ ಚಪಲ ಹತ್ತಿದರೆ ಯಾವ ವೇವ್‌ಫಾರ್ಮೂ ಸಾಲುವುದಿಲ್ಲ.

ಪೂರೈಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮೊಬೈಲ್ ಹಿಡಿದರೆ ಜಾಡು ಸಿಗುತ್ತದೆಂದು ಲೆಬನಾನಿನ ಹೆಜ್ಬೊಲ್ಲಾ ಸಂಘಟನೆಯವರು ಹಳೆಯ ಕಾಲದ ಪೇಜರ್‌ಗೆ ಹೋಗಿದ್ದರು. 2024ರ ಸೆಪ್ಟೆಂಬರ್ 17ರಂದು ಆ ಪೇಜರುಗಳೇ ಸಿಡಿದವು, ಮರುದಿನ ವಾಕಿಟಾಕಿಗಳು. ಮಕ್ಕಳೂ ಸತ್ತರು. ಸರಿ ತಪ್ಪಿನ ವಾದ ಇಲ್ಲಿ ಬೇಡ, ಎಂಜಿನಿಯರ್ ಆಗಿ ನೋಡಿ: ಪೆಟ್ಟಿಗೆ ಕೈಗೆ ಬರುವ ಮುಂಚೆ ಯಾರ್‍ಯಾರ ಕೈ ದಾಟಿ ಬಂತು ಎನ್ನುವುದೂ ವಿನ್ಯಾಸದ ಭಾಗವೇ. ನಮ್ಮ ಸೆಟ್‌ಗಳ ಒಳಗಿನ ಚಿಪ್‌ಗಳಲ್ಲಿ ಬಹುಪಾಲು ಇನ್ನೂ ಹೊರಗಿನಿಂದಲೇ ಬರುತ್ತವೆ. ಮೇಲೆ ಸ್ವದೇಶಿ ಎಂಬ ಚೀಟಿ ಅಂಟಿಸುವುದು ಸುಲಭ.

ನಿಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗುತ್ತೀರಿ. ತಪ್ಪೇನಿಲ್ಲ, ಸಾಲ ತೀರಬೇಕು. ರೇಡಿಯೊ ಕಡೆ ಬರುವ ನಾಲ್ಕಾರು ಜನಕ್ಕೆ ಮಾತ್ರ ಒಂದು ಮಾತು ಹೇಳಬೇಕು. ಸಂಬಳ ಪಕ್ಕದ ಮನೆಯವನಿಗಿಂತ ಕಡಿಮೆ ಬರುತ್ತದೆ. ನೀವು ಬರೆದದ್ದು ಸೈನಿಕನ ಕೈ ಸೇರುವ ಹೊತ್ತಿಗೆ ನಿಮ್ಮ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಏನು ಮಾಡಿದೆನೆಂದು ಮನೆಯಲ್ಲೂ ಹೇಳುವಂತಿಲ್ಲ. ಸೇರಿದ ಮೊದಲ ವರ್ಷವೇ ಪರೀಕ್ಷೆಯ ತಂಡದ ಜೊತೆ ನನ್ನನ್ನೂ ಗುಡ್ಡಕ್ಕೆ ಕಳಿಸಿ ಎಂದು ಹಟ ಹಿಡಿಯಿರಿ. ಸಾಮಾನ್ಯವಾಗಿ ಹೊಸಬರನ್ನು ಕಳಿಸುವುದಿಲ್ಲ, ಪ್ರಯಾಣ ಭತ್ಯೆಯ ಫೈಲು ಅಡ್ಡ ಬರುತ್ತದೆ. ಬಿಡಬೇಡಿ. ಹೋಗುವಾಗ ಒಂದು ಜೊತೆ ದಪ್ಪ ಕೈಗವಸು ಕೊಂಡುಕೊಂಡು, ನಿಮ್ಮ ಸೆಟ್ಟಿನ ಎಲ್ಲ ಗುಂಡಿಗಳನ್ನೂ ಅವನ್ನು ತೊಟ್ಟೇ ಒತ್ತಿ ನೋಡಿ.