ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡೋಣ

(ಕುಟುಂಬ ಸಮ್ಮಿಲನವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





2017ರ ಅಕ್ಟೋಬರ್ ತಿಂಗಳಲ್ಲಿ ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನಲ್ಲಿ ಒಂದು ಸಭೆ ಸೇರಿತ್ತು. ಯುರೋಪಿನ ಹಲವೆಡೆಗಳಿಂದ ಬಂದ ಜನರು ಓರ್ವ ಮಹಿಳೆಯ ದಾರಿ ಕಾಯುತ್ತಿದ್ದರು. ತಾವು ಹೂಡಿದ ಹಣ ಯಾವಾಗ ಮರಳುತ್ತದೆ ಎಂಬ ಒಂದೇ ಪ್ರಶ್ನೆಗೆ ಅವರಿಗೆ ಆಕೆಯಿಂದ ಉತ್ತರ ಬೇಕಾಗಿತ್ತು. ಸಮಯಕ್ಕೆ ತಪ್ಪದವಳೆಂದು ಹೆಸರಾಗಿದ್ದ ಆಕೆ ಅಂದು ಬರಲಿಲ್ಲ. ಅದೇ ತಿಂಗಳ 25ರಂದು ಬಲ್ಗೇರಿಯಾದ ಸೋಫಿಯಾದಿಂದ ಗ್ರೀಸ್‌ನ ಅಥೆನ್ಸ್‌ಗೆ ವಿಮಾನವೇರಿದ ಆಕೆ ಆ ಬಳಿಕ ಲೋಕದ ಕಣ್ಣಿನಿಂದ ಮರೆಯಾದಳು.

ಆಕೆಯ ಹೆಸರು ರುಜಾ ಇಗ್ನಾಟೊವಾ. ಈ ಕಥೆಯನ್ನು ಲೋಕಕ್ಕೆ ವಿವರವಾಗಿ ತಿಳಿಸಿದ್ದು 2019ರಲ್ಲಿ ಬಿಬಿಸಿಯು ಪ್ರಸಾರ ಮಾಡಿದ 'ದಿ ಮಿಸ್ಸಿಂಗ್ ಕ್ರಿಪ್ಟೊಕ್ವೀನ್' ಎಂಬ ಪಾಡ್‌ಕಾಸ್ಟ್. ಪಾಡ್‌ಕಾಸ್ಟ್ ಎಂದರೆ ನಮ್ಮ ಹಿರಿಯರು ಗಾಬರಿಯಾಗಬೇಕಿಲ್ಲ. ಬೇಕಾದಾಗ ಮೊಬೈಲಿನಲ್ಲಿ ಕೇಳಬಹುದಾದ ರೇಡಿಯೋ ಕಾರ್ಯಕ್ರಮವದು. ಪತ್ರಕರ್ತ ಜೇಮಿ ಬಾರ್ಟ್ಲೆಟ್ ಮತ್ತು ನಿರ್ಮಾಪಕಿ ಜಾರ್ಜಿಯಾ ಕ್ಯಾಟ್ ದೇಶದಿಂದ ದೇಶಕ್ಕೆ ಅಲೆದು ಆಕೆಯನ್ನು ಹುಡುಕುತ್ತಾರೆ. ಆಕೆ ಸಿಗುವುದಿಲ್ಲ. ಆದರೆ ಆ ಹುಡುಕಾಟದಲ್ಲಿ ನಮಗೆ ಸಿಗುವುದು ಬೇರೆಯೇ ಒಂದು ಸತ್ಯ. ಅದರ ಕುರಿತು ಇಂದು ತಮ್ಮೊಂದಿಗೆ ವಿಚಾರ ವಿನಿಮಯ ಮಾಡಲು ನಾವು ಬಯಸುತ್ತೇವೆ.

ಈಕೆ ಸಾಮಾನ್ಯ ಜೇಬುಗಳ್ಳಿಯಲ್ಲ. ಬಲ್ಗೇರಿಯಾದಲ್ಲಿ ಜನಿಸಿ ಜರ್ಮನಿಯಲ್ಲಿ ಬೆಳೆದವಳು. ಕಾನೂನಿನಲ್ಲಿ ಡಾಕ್ಟರೇಟ್ ಪಡೆದವಳು. ಜಗತ್ಪ್ರಸಿದ್ಧ ಸಲಹಾ ಸಂಸ್ಥೆಯಲ್ಲಿ ದುಡಿದವಳು. 2014ರಲ್ಲಿ ತನ್ನ ಸಹವರ್ತಿ ಸೆಬಾಸ್ಟಿಯನ್ ಗ್ರೀನ್‌ವುಡ್ ಜೊತೆ ಸೇರಿ 'ಒನ್‌ಕಾಯಿನ್' ಎಂಬ ಹೊಸ ಡಿಜಿಟಲ್ ನಾಣ್ಯವನ್ನು ಘೋಷಿಸಿದಳು. 2016ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿ ಸಭಾಂಗಣದ ವೇದಿಕೆಯೇರಿ, ಎರಡು ವರ್ಷಗಳಲ್ಲಿ ಬಿಟ್‌ಕಾಯಿನ್‌ನ ಹೆಸರನ್ನೇ ಯಾರೂ ಎತ್ತಲಾರರು ಎಂದು ಸಾವಿರಾರು ಜನರೆದುರು ಸಾರಿದಳು. ಜನರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆದರೆ ಆ ನಾಣ್ಯವೇ ಇರಲಿಲ್ಲ! ಇಂತಹ ನಾಣ್ಯಕ್ಕೆ ಆಧಾರವಾಗಿರಬೇಕಾದುದು ಬ್ಲಾಕ್‌ಚೈನ್. ಅಂದರೆ ಯಾವನೋ ಒಬ್ಬ ಗುಟ್ಟಾಗಿ ತಿದ್ದಲಾಗದಂತೆ ಅಸಂಖ್ಯ ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ಇರುವ ಬಹಿರಂಗ ಲೆಕ್ಕಪುಸ್ತಕ. ಒನ್‌ಕಾಯಿನ್‌ಗೆ ಅಂತಹ ನಿಜವಾದ ಲೆಕ್ಕಪುಸ್ತಕವಿರಲಿಲ್ಲ. ಅದರ ಬೆಲೆಯನ್ನು ನಿರ್ಧರಿಸುತ್ತಿದ್ದುದು ಮಾರುಕಟ್ಟೆಯಲ್ಲ, ಕಂಪೆನಿಯೇ. ಅರ್ಧ ಯೂರೊದಿಂದ ಆರಂಭವಾದ ದರ ಪರದೆಯ ಮೇಲೆ ಏರುತ್ತಾ ಮೂವತ್ತು ಯೂರೊಗಳ ಸಮೀಪ ತಲುಪಿತು. ಹೂಡಿಕೆದಾರರು ಪ್ರತಿದಿನ ಬೆಳಿಗ್ಗೆ ಆ ಅಂಕಿಯನ್ನು ನೋಡಿ ತಾವು ಶ್ರೀಮಂತರಾದೆವೆಂದು ನಂಬಿದರು. ಅಮೆರಿಕದ ನ್ಯಾಯ ಇಲಾಖೆಯ ಪ್ರಕಾರ 35 ಲಕ್ಷಕ್ಕೂ ಅಧಿಕ ಜನರು 400 ಕೋಟಿ ಡಾಲರ್‌ಗಳಿಗೂ ಮಿಕ್ಕಿದ ಹಣವನ್ನು ಇದಕ್ಕೆ ಸುರಿದಿದ್ದಾರೆ.

ಸಹೋದರರೇ, ಇಷ್ಟು ಜನರನ್ನು ಓರ್ವ ಮಹಿಳೆ ತಾನೊಬ್ಬಳೇ ವಂಚಿಸಲು ಸಾಧ್ಯವೇ? ಪಾಡ್‌ಕಾಸ್ಟ್ ನಮ್ಮ ಕಣ್ಣು ತೆರೆಸುವುದು ಇಲ್ಲಿಯೇ. ಸ್ಕಾಟ್ಲೆಂಡಿನ ಓರ್ವ ಮಹಿಳೆ ತನ್ನ 10,000 ಯೂರೊಗಳನ್ನು ಇದರಲ್ಲಿ ಹೂಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಬಂಧುಗಳನ್ನೂ ಸ್ನೇಹಿತರನ್ನೂ ಪ್ರೀತಿಯಿಂದಲೇ ಒಪ್ಪಿಸಿ ಎರಡೂವರೆ ಲಕ್ಷ ಯೂರೊ ಹೂಡಿಸಿದರು. ಅವರಿಗೆ ಒಳಿತಾಗಲಿ ಎಂಬುದೇ ಆಕೆಯ ಉದ್ದೇಶವಾಗಿತ್ತು. ಉಗಾಂಡಾದ ಯುವಕನೋರ್ವ ಮನೆಯ ಮೇಕೆಗಳನ್ನು ಮಾರಿ ಅತ್ಯಂತ ಸಣ್ಣ ಪ್ಯಾಕೇಜ್ ಖರೀದಿಸಿದ. ಅನಂತರ ತನ್ನ ತಾಯಿಯ ಉಳಿತಾಯವೂ ಅದೇ ಹಾದಿ ಹಿಡಿಯಿತು. ಈ ತಾಯಿ ರುಜಾಳನ್ನು ನಂಬಿ ಹಣ ಕೊಟ್ಟಳೇ? ಇಲ್ಲ. ಆಕೆ ನಂಬಿದ್ದು ತನ್ನ ಮಗನನ್ನು.

ವಂಚಕರ ನಿಜವಾದ ಬಂಡವಾಳ ಹಣವಲ್ಲ, ನಂಬಿಕೆ. ಅದೂ ಅವರು ಗಳಿಸಿದ ನಂಬಿಕೆಯಲ್ಲ. ತಾಯಿಗೆ ಮಗನ ಮೇಲೆ, ತಂಗಿಗೆ ಅಣ್ಣನ ಮೇಲೆ, ನೆರೆಯವನಿಗೆ ನೆರೆಯವನ ಮೇಲೆ ಇರುವ ನಂಬಿಕೆಯನ್ನು ಅವರು ಪುಕ್ಕಟೆಯಾಗಿ ಬಳಸಿಕೊಳ್ಳುತ್ತಾರೆ. ಆದ್ದರಿಂದಲೇ ವಂಚಕ ಮಾಯವಾದ ಮೇಲೂ ಗಾಯ ಮಾಯುವುದಿಲ್ಲ. ಮುರಿದದ್ದು ಬ್ಯಾಂಕಿನ ಲೆಕ್ಕವಲ್ಲ, ಮನೆಯ ಸಂಬಂಧ.

ಇದು ಯುರೋಪ್ ಮತ್ತು ಆಫ್ರಿಕಾದ ಸಂಗತಿ, ನಮಗೇನು ಎಂದು ಯಾರೂ ಭಾವಿಸದಿರಲಿ. ಇದೇ ಒನ್‌ಕಾಯಿನ್‌ನ ಪ್ರಚಾರ ಸಭೆ ನಡೆಸುತ್ತಿದ್ದ ಆರೋಪದಲ್ಲಿ 2017ರ ಏಪ್ರಿಲ್‌ನಲ್ಲಿ ನವಿ ಮುಂಬಯಿ ಪೊಲೀಸರು 18 ಮಂದಿಯನ್ನು ಬಂಧಿಸಿದ್ದರು. ಅದಾಗಿ ಎರಡು ವರ್ಷ ಕಳೆದ ಬಳಿಕ ನಮ್ಮದೇ ರಾಜಧಾನಿಯಲ್ಲಿ, ನಮ್ಮದೇ ಸಮುದಾಯದ ನಡುವೆ ಏನು ನಡೆಯಿತೆಂಬುದನ್ನು ನಾವು ಮರೆಯಲು ಸಾಧ್ಯವೇ?

2019ರ ಜೂನ್. ಬೆಂಗಳೂರಿನ ಶಿವಾಜಿನಗರದಲ್ಲಿ ಐಎಂಎ ಸಂಸ್ಥೆಯ ಕಚೇರಿಯ ಮುಂದೆ ಸಾವಿರಾರು ಜನರು ಸೇರಿದ್ದರು. ಕಂಕುಳಲ್ಲಿ ಮಗು, ಕೈಯಲ್ಲಿ ರಶೀದಿ ಹಿಡಿದ ತಾಯಂದಿರು, ಪಿಂಚಣಿಯ ಹಣವನ್ನೆಲ್ಲ ಹೂಡಿದ್ದ ವೃದ್ಧರು. ಸಂಸ್ಥೆಯ ಮುಖ್ಯಸ್ಥ ಮನ್ಸೂರ್ ಖಾನ್‌ರದ್ದೆನ್ನಲಾದ ಧ್ವನಿಮುದ್ರಿಕೆಯೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಅಷ್ಟರಲ್ಲಿ ಅವರು ದುಬೈಗೆ ತೆರಳಿಯಾಗಿತ್ತು. ರುಜಾಳಂತಲ್ಲದೆ ಅವರು ಜುಲೈಯಲ್ಲಿ ಮರಳಿದರು ಮತ್ತು ದೆಹಲಿಯಲ್ಲಿ ಬಂಧಿತರಾದರು. ತನಿಖೆಯನ್ನು ಸಿಬಿಐ ವಹಿಸಿಕೊಂಡಿತು. ಸುಮಾರು 4,000 ಕೋಟಿ ರೂಪಾಯಿಗಳ ವಂಚನೆಯ ಆರೋಪವದು. ದೂರು ನೀಡಿದವರ ಸಂಖ್ಯೆ 40,000 ದಾಟಿತ್ತು. ದೂರುದಾರರಲ್ಲಿ ಬಹುಸಂಖ್ಯಾತರು ಯಾರೆಂಬುದನ್ನು ನಾವು ತಮಗೆ ಹೇಳಬೇಕಾಗಿಲ್ಲ.

ಈ ಜನರು ದುರಾಸೆಯಿಂದ ಕೆಟ್ಟರು ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ಬಡ್ಡಿ ನಿಷಿದ್ಧವೆಂದು ನಂಬಿ ಬದುಕುವ ಒಂದು ಕುಟುಂಬ ತನ್ನ ಉಳಿತಾಯವನ್ನು ಎಲ್ಲಿ ಇರಿಸಬೇಕು? ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕಲ್ಪಿಸಬೇಕೆಂದು 2008ರಲ್ಲಿ ರಘುರಾಮ್ ರಾಜನ್ ಸಮಿತಿ ಶಿಫಾರಸು ಮಾಡಿತ್ತು. ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂಬ ರಿಸರ್ವ್ ಬ್ಯಾಂಕಿನ ತೀರ್ಮಾನ 2017ರಲ್ಲಿ ಬೆಳಕಿಗೆ ಬಂತು. ಪ್ರಾಮಾಣಿಕ ಬಾಗಿಲು ಮುಚ್ಚಿದಲ್ಲಿ ಕಳ್ಳ ಬಾಗಿಲು ತೆರೆಯುತ್ತದೆ. ಹಾಗೆಯೇ ಐಎಂಎಗೆ ಅನುಕೂಲಕರ ವರದಿ ನೀಡಲು ಲಂಚ ಪಡೆದರೆಂಬ ಆರೋಪದಲ್ಲಿ ಸರಕಾರಿ ಅಧಿಕಾರಿಗಳೇ ಬಂಧಿತರಾದುದನ್ನೂ ನಾವು ಕಂಡಿದ್ದೇವೆ. ಕಾಯಬೇಕಾದ ಬೇಲಿಯ ಕಥೆಯೇ ಹೀಗಾದರೆ ಹೊಲದ ಗತಿಯೇನು? ವ್ಯವಸ್ಥೆಯನ್ನು ಪ್ರಶ್ನಿಸುವ ಹಕ್ಕು ನಮಗಿದೆ, ಪ್ರಶ್ನಿಸಲೇಬೇಕು.

ಆದರೆ ಉಳಿದರ್ಧ ಸತ್ಯವನ್ನೂ ನಾವು ಎದುರಿಸಬೇಕಲ್ಲವೇ? 'ಹಲಾಲ್' ಎಂಬ ಒಂದು ಪದ ಕೇಳಿದೊಡನೆ ನಮ್ಮ ಎಲ್ಲ ಪ್ರಶ್ನೆಗಳೂ ಏಕೆ ಬಾಯಿ ಮುಚ್ಚಿಕೊಳ್ಳುತ್ತವೆ? ಸಂಸ್ಥೆಯ ಮುಖ್ಯಸ್ಥನ ವೇಷಭೂಷಣ, ಆತ ಶಾಲೆಗೂ ಮಸೀದಿಗೂ ನೀಡಿದ ದೇಣಿಗೆ, ವೇದಿಕೆಯಲ್ಲಿ ಆತನ ಪಕ್ಕ ಕುಳಿತ ಗಣ್ಯರು, ಇವೆಲ್ಲ ನಮಗೆ ಲೆಕ್ಕಪತ್ರಗಳ ಬದಲಿಗೆ ಸಾಕಾಗುತ್ತವೆ. ಇಗ್ನಾಟೊವಾಳ ವೇದಿಕೆಯಲ್ಲಿ ಬೆಲೆಬಾಳುವ ಉಡುಪು ಮತ್ತು ಡಾಕ್ಟರೇಟ್ ಪದವಿ ಮಾಡಿದ ಕೆಲಸವನ್ನು ನಮ್ಮಲ್ಲಿ ಗಡ್ಡ ಮತ್ತು ಟೋಪಿಯಿಂದ ಮಾಡಿಸಲಾಗುತ್ತದೆ. ವೇಷ ಬೇರೆ, ತಂತ್ರ ಒಂದೇ.

ಇದು ಧರ್ಮನಿಷ್ಠೆಯೇ? ಪ್ರವಾದಿವರ್ಯರ(ಸ) ಜೀವನದ ಒಂದು ಪ್ರಸಂಗವನ್ನು ತಾವೆಲ್ಲ ಕೇಳಿದ್ದೀರಿ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಅವರು ನಿಂತರು. ಮೇಲಿನಿಂದ ರಾಶಿ ಒಣಗಿ ಚೆನ್ನಾಗಿಯೇ ಕಾಣುತ್ತಿತ್ತು. ಅವರು ಅದರೊಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಗುಲಿತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇರಿಸಲಿಲ್ಲವೆಂದು ವ್ಯಾಪಾರಿಯನ್ನು ಅಲ್ಲಿಯೇ ತರಾಟೆಗೆ ತೆಗೆದುಕೊಂಡರು. ವಂಚಿಸುವವನು ತಮ್ಮವನಲ್ಲವೆಂದೂ ಸಾರಿದರು. ಈ ಪ್ರಸಂಗದಿಂದ ವ್ಯಾಪಾರಿಗೆ ಪಾಠವಿದೆ ಎಂದು ನಾವು ಬೋಧಿಸುತ್ತೇವೆ. ಕೊಳ್ಳುವವನಿಗೂ ಅದರಲ್ಲಿ ಪಾಠವಿದೆಯೆಂಬುದನ್ನು ಮರೆಯುತ್ತೇವೆ. ರಾಶಿಯೊಳಗೆ ಕೈ ಹಾಕಿ ನೋಡುವುದು ಅಪನಂಬಿಕೆಯಲ್ಲ, ಅದು ಸುನ್ನತ್! ಕುರ್‌ಆನಿನ ಅತಿ ದೀರ್ಘ ಸೂಕ್ತವು ನಮಾಝ್ ಅಥವಾ ಉಪವಾಸದ ಕುರಿತಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ನಿಲ್ಲಿಸಬೇಕು ಎಂಬುದರ ಕುರಿತಾಗಿದೆ. ಪರಸ್ಪರ ನಂಬಿಕೆಯುಳ್ಳ ವಿಶ್ವಾಸಿಗಳನ್ನೇ ಅದು ಸಂಬೋಧಿಸುತ್ತದೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ನಮ್ಮ ಮನೆಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಯಾವುವು?

ಮೊದಲನೆಯದಾಗಿ, ಈ ಲಾಭ ಎಲ್ಲಿಂದ ಬರುತ್ತದೆ? ತಿಂಗಳಿಗೆ ಶೇಕಡಾ ಮೂರು ಎಂದರೆ ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ. ನಮ್ಮ ಊರಿನ ಯಾವ ಬಟ್ಟೆ ಅಂಗಡಿ, ಯಾವ ಹಾರ್ಡ್‌ವೇರ್ ಅಂಗಡಿ ನಷ್ಟವೇ ಇಲ್ಲದೆ ತಿಂಗಳು ತಪ್ಪದೆ ಇಷ್ಟು ಲಾಭ ಹಂಚಬಲ್ಲದು? ಪಾಲುದಾರಿಕೆಯೆಂದ ಮೇಲೆ ನಷ್ಟದಲ್ಲೂ ಪಾಲಿರಬೇಕು. ಎಂದೂ ನಷ್ಟವಾಗದ ವ್ಯಾಪಾರ ವ್ಯಾಪಾರವೇ ಅಲ್ಲ. ಹೊಸಬರ ಹಣವನ್ನು ಹಳಬರಿಗೆ ಹಂಚುವ ಸರಪಳಿಯದು.

ಎರಡನೆಯದಾಗಿ, ಹಣ ಸಂಗ್ರಹಿಸಲು ಅನುಮತಿ ನೀಡಿದವರು ಯಾರು? ಕಂಪೆನಿಯ ನೋಂದಣಿ ಪತ್ರ ಬೇರೆ, ಜನರಿಂದ ಠೇವಣಿ ಪಡೆಯುವ ಅನುಮತಿ ಬೇರೆ. ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ಇದನ್ನು ಪರಿಶೀಲಿಸಬಹುದು, ದೂರನ್ನೂ ಸಲ್ಲಿಸಬಹುದು. ನಮ್ಮ ಮನೆಯ ಕಾಲೇಜು ವಿದ್ಯಾರ್ಥಿನಿಗೆ ಇದು ಕೆಲವೇ ನಿಮಿಷಗಳ ಕೆಲಸ. ಆಕೆಗೆ ಈ ಜವಾಬ್ದಾರಿ ವಹಿಸಿರಿ.

ಮೂರನೆಯದಾಗಿ, ನಮ್ಮನ್ನು ಸೇರಿಸುವ ವ್ಯಕ್ತಿಗೆ ಇದರಿಂದ ಎಷ್ಟು ಕಮಿಷನ್? ಬಂಧುವಾದರೂ ಸಂಕೋಚವಿಲ್ಲದೆ ಕೇಳಬೇಕು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸಿ 2019ರಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನಿನ ಪ್ರಕಾರ ಹಣ ಪಡೆಯುವವನಷ್ಟೇ ಅಲ್ಲ, ಅಂತಹ ಯೋಜನೆಯನ್ನು ಪ್ರಚಾರ ಮಾಡುವವನೂ ಅಪರಾಧಿಯಾಗುತ್ತಾನೆ. ತಿಳಿಯದೆ ಏಜೆಂಟರಾದ ನಮ್ಮ ಯುವಕರಿಗೆ ಇದನ್ನು ತಿಳಿಸುವುದು ಅವರ ಮೇಲಿನ ಪ್ರೀತಿಯೇ ಆಗಿದೆ.

ನಮ್ಮ ಜಮಾಅತ್‌ಗಳಿಗೂ ಮಸೀದಿ ಸಮಿತಿಗಳಿಗೂ ಒಂದು ವಿನಂತಿಯಿದೆ. ಯಾವುದೇ ಹೂಡಿಕೆ ಸಂಸ್ಥೆಗೆ ಮಿಂಬರಿನ ಹತ್ತಿರ ಜಾಗ ಕೊಡಬೇಡಿ. ಅವರ ದೇಣಿಗೆ ಸ್ವೀಕರಿಸುವ ಮೊದಲು ಅದರ ಮೂಲವನ್ನು ವಿಚಾರಿಸಿ. ವಿದ್ವಾಂಸರು ಒಂದು ಕರಾರು ಪತ್ರದ ಮಾತುಗಳು ಶರೀಅತ್‌ಗೆ ಅನುಗುಣವೇ ಎಂದು ಹೇಳಬಲ್ಲರು. ಆ ಹಣ ನಿಜವಾಗಿಯೂ ವ್ಯಾಪಾರದಲ್ಲಿದೆಯೇ ಎಂಬುದನ್ನು ಲೆಕ್ಕಪರಿಶೋಧಕನೇ ಹೇಳಬೇಕು. ಈ ಎರಡನ್ನು ಬೆರೆಸಿದ್ದರಿಂದಲೇ ನಾವು ಬಹಳ ಬೆಲೆ ತೆತ್ತಿದ್ದೇವೆ.

ಕೊನೆಯದಾಗಿ, ಈಗಾಗಲೇ ಕಳೆದುಕೊಂಡವರ ಕುರಿತು ಒಂದು ಮಾತು. ಆ ಸ್ಕಾಟ್ಲೆಂಡಿನ ಮಹಿಳೆ ಒಂದೇ ಒಂದು ಪ್ರಶ್ನೆ ಕೇಳಿದಾಗ ಮೋಸದ ಗೋಡೆ ಬಿರುಕು ಬಿಡತೊಡಗಿತು. ನಿಮ್ಮ ಲೆಕ್ಕಪುಸ್ತಕ ಎಲ್ಲಿದೆ ಎಂಬುದಷ್ಟೇ ಆ ಪ್ರಶ್ನೆ. ನೇರ ಉತ್ತರ ದೊರೆಯಲಿಲ್ಲ. ಸತ್ಯ ತಿಳಿದ ಮೇಲೆ ಆಕೆ ಮುಖ ಮರೆಸಿಕೊಳ್ಳಲಿಲ್ಲ. ಬೆದರಿಕೆಗಳ ನಡುವೆಯೂ ಬಹಿರಂಗವಾಗಿ ಮಾತನಾಡಿದರು, ಇತರ ಸಂತ್ರಸ್ತರಿಗೆ ಆಸರೆಯಾದರು. ನಮ್ಮಲ್ಲಿ ಮಾತ್ರ ಎಷ್ಟೋ ಮಂದಿ ಮಗಳ ಮದುವೆಗೆ, ಹಜ್ಜ್ ಯಾತ್ರೆಗೆ ಕೂಡಿಟ್ಟ ಹಣ ಕಳೆದುಕೊಂಡು ನಾಚಿಕೆಯಿಂದ ಮೌನವಾಗಿದ್ದಾರೆ. ಗಂಡನಿಗೆ ತಿಳಿಸದೆ ಬಳೆ ಮಾರಿ ಹೂಡಿದ ಸಹೋದರಿ ಯಾರೊಡನೆ ಹೇಳಿಕೊಳ್ಳಬೇಕು? ಅವರನ್ನು ಹಂಗಿಸುವ ನಾಲಿಗೆಯೇ ಮುಂದಿನ ವಂಚಕನಿಗೆ ರಕ್ಷಣೆಯಾಗುತ್ತದೆ. ಏಕೆಂದರೆ ಸಂತ್ರಸ್ತರು ಮೌನವಾಗಿರುವ ಊರಿಗೆ ಆತ ನಿರ್ಭಯವಾಗಿ ಬರುತ್ತಾನೆ.

ಗ್ರೀನ್‌ವುಡ್‌ಗೆ 2023ರಲ್ಲಿ ಅಮೆರಿಕದ ನ್ಯಾಯಾಲಯ 20 ವರ್ಷಗಳ ಸೆರೆಮನೆ ವಾಸ ವಿಧಿಸಿತು. ರುಜಾಳನ್ನು 2022ರಲ್ಲಿ ಎಫ್‌ಬಿಐ ತನ್ನ ಹತ್ತು ಪ್ರಮುಖ ಆರೋಪಿಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಆಕೆಯ ಸುಳಿವಿಗೆ 50 ಲಕ್ಷ ಡಾಲರ್‌ವರೆಗಿನ ಬಹುಮಾನ ಘೋಷಿಸಲಾಯಿತು. ಆಕೆಯನ್ನು ಹುಡುಕುವುದು ಪೊಲೀಸರ ಕೆಲಸ. ಆಕೆಯಂತಹವರಿಗೆ ನಮ್ಮ ಮನೆಯ ನಂಬಿಕೆಯನ್ನು ಬಾಡಿಗೆಗೆ ಕೊಡದಿರುವುದು ನಮ್ಮ ಕೆಲಸ. ಇಂದು ಮನೆಗೆ ಹೋದ ಮೇಲೆ ಊಟದ ಹೊತ್ತಿಗೆ ಮಡದಿ ಮಕ್ಕಳನ್ನು ಕೂರಿಸಿಕೊಂಡು, ನಮ್ಮ ಹಣ ಎಲ್ಲೆಲ್ಲಿದೆ, ಯಾರ ಬಳಿಯಿದೆ, ಯಾವ ಕಾಗದವಿದೆ ಎಂದು ಒಮ್ಮೆ ಬರೆದಿಡೋಣ. ಕಳೆದುಕೊಂಡವರು ಯಾರಾದರೂ ಇದ್ದರೆ ಅಂದು ಅವರಿಗೂ ಹೇಳಿಕೊಳ್ಳಲು ಅವಕಾಶ ಸಿಗಲಿ.

ವಂಚಿಸದಿರುವ ಪ್ರಾಮಾಣಿಕತೆಯನ್ನೂ ವಂಚನೆಗೊಳಗಾಗದಿರುವ ವಿವೇಕವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.