ಸ್ಪೀಡೋಮೀಟರಿನ ಮುಳ್ಳು ಏಳದಿದ್ದರೆ



ಅಲೀಪುರದಿಂದ ಗೌರಿಬಿದನೂರಿಗೆ ಹಳೆಯ ಅಂಬಾಸಿಡರ್ ಕಾರೊಂದು ಹೊರಟಿದೆ ಎಂದುಕೊಳ್ಳಿ. ಕಾರು ಓಡುತ್ತಿದೆ, ವೇಗ ತೋರಿಸುವ ಮುಳ್ಳು ಮಾತ್ರ ಸೊನ್ನೆಯಿಂದ ಮೇಲೇಳುತ್ತಿಲ್ಲ. 'ಮೀಟರ್ ಬದಲಾಯಿಸಿಬಿಡಿ' ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಆದರೆ ದೋಷ ಮೀಟರಿನಲ್ಲೇ ಇರಬೇಕೆಂದಿಲ್ಲ. ಅದನ್ನು ಪತ್ತೆ ಮಾಡುವ ಕ್ರಮವನ್ನು ನೋಡೋಣ.

ಯಾಂತ್ರಿಕ ಸ್ಪೀಡೋಮೀಟರಿಗೆ ಬ್ಯಾಟರಿಯ ಹಂಗಿಲ್ಲ. ಗೇರ್‌ಬಾಕ್ಸಿನ ಒಂದು ಸಣ್ಣ ಹಲ್ಲುಚಕ್ರ ಉಕ್ಕಿನ ಹುರಿತಂತಿಯನ್ನು ತಿರುಗಿಸುತ್ತದೆ. ಕೊಳವೆಯೊಳಗೆ ಸುತ್ತುವ ಈ ತಂತಿಯೇ ಕೇಬಲ್. ಮೀಟರಿನೊಳಗೆ ಅದು ಒಂದು ಕಾಂತವನ್ನು ತಿರುಗಿಸುತ್ತದೆ. ಕಾಂತವನ್ನು ಮುಟ್ಟದಂತೆ ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲೊಂದಿದೆ. ಅಲ್ಯೂಮಿನಿಯಂ ಕಾಂತಕ್ಕೆ ಅಂಟುವುದಿಲ್ಲವಲ್ಲ, ಮತ್ತೆ ಬಟ್ಟಲು ತಿರುಗುವುದು ಹೇಗೆ? ತಿರುಗುವ ಕಾಂತಕ್ಷೇತ್ರವು ಬಟ್ಟಲಿನಲ್ಲಿ ಸುಳಿ ವಿದ್ಯುತ್ಪ್ರವಾಹಗಳನ್ನು ಪ್ರೇರಿಸುತ್ತದೆ. ಲೆನ್ಸ್‌ನ ನಿಯಮದಂತೆ ಬಟ್ಟಲು ಕಾಂತದ ದಿಕ್ಕಿಗೇ ಎಳೆಯಲ್ಪಡುತ್ತದೆ. ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಸರಿದೂಗಿದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೋ ಶುಲ್ಜೆ ಇಂಥ ಸಾಧನಕ್ಕೆ 1902ರಲ್ಲಿ ಪೇಟೆಂಟ್ ಪಡೆದರು.

ಕಿಲೋಮೀಟರ್ ಲೆಕ್ಕದ ಅಂಕಿಗಳಿಗೆ ಕಾಂತ ಬೇಕಿಲ್ಲ. ಅದೇ ಕೇಬಲಿನಿಂದ ಹಲ್ಲುಚಕ್ರಗಳ ಮೂಲಕ ನೇರವಾಗಿ ತಿರುಗುತ್ತವೆ. ಆದ್ದರಿಂದ ಮೊದಲ ಪ್ರಶ್ನೆ: ಅಂಕಿಗಳು ಓಡುತ್ತಿವೆಯೇ?

ಅಂಕಿಗಳು ಓಡುತ್ತಿದ್ದು ಮುಳ್ಳು ಮಾತ್ರ ನಿಂತಿದ್ದರೆ ಕೇಬಲ್ ಸರಿಯಿದೆ. ದೋಷ ಬಟ್ಟಲು, ಸ್ಪ್ರಿಂಗ್ ಅಥವಾ ಮುಳ್ಳಿನಲ್ಲಿದೆ. ಮುಳ್ಳು ಸರಿಯಾಗಿದ್ದು ಅಂಕಿಗಳು ನಿಂತಿದ್ದರೆ ಅವುಗಳ ಹಲ್ಲುಚಕ್ರ ಸವೆದಿದೆ. ಎರಡೂ ನಿಂತಿದ್ದರೆ ಮೊದಲು ಕೇಬಲನ್ನು ಶಂಕಿಸಬೇಕು. ಕಾರು ನಿಂತಿರುವಾಗ ಮೀಟರಿನ ಹಿಂದೆ ಕೇಬಲನ್ನು ಬಿಚ್ಚಿ, ಒಳತಂತಿಯ ತುದಿಯನ್ನು ಬೆರಳಿನಿಂದ ತಿರುಗಿಸಿ. ಅದು ತಡೆದರೆ ಕೇಬಲ್ ತುಂಡಾಗಿಲ್ಲ. ಮೀಟರಿನ ಕಡೆ ನೋಡಿ. ಸಲೀಸಾಗಿ ಸುತ್ತಿದರೆ ತಂತಿ ತುಂಡಾಗಿರಬಹುದು, ಇಲ್ಲವೇ ಗೇರ್‌ಬಾಕ್ಸಿನ ಜೋಡಣೆ ಕಳಚಿರಬಹುದು.

ಮುಳ್ಳು ನಡುಗುತ್ತಿದ್ದರೆ ಕೇಬಲ್ ಒಣಗಿದೆ, ಅಥವಾ ಎಲ್ಲೋ ವಿಪರೀತ ಬಾಗಿದೆ. ತೆಳುವಾಗಿ ಗ್ರೀಸ್ ಸವರಬಹುದು; ಮೀಟರಿನ ಕಡೆಯ ಒಂದು ಗೇಣನ್ನು ಮಾತ್ರ ಒಣಗಿಯೇ ಬಿಡಬೇಕು. ಗ್ರೀಸ್ ಮೇಲೇರಿ ಬಟ್ಟಲಿಗೆ ಅಂಟಿದರೆ ಒಂದು ದೋಷ ಹೋಗಿ ಇನ್ನೊಂದು ಬರುತ್ತದೆ.

ನಿಂತ ಮುಳ್ಳಿಗಿಂತ ಸುಳ್ಳು ಹೇಳುವ ಮುಳ್ಳು ಹೆಚ್ಚು ಅಪಾಯಕಾರಿ. ಕಾಂತ ಬಲಗುಂದಿದರೆ, ಅಥವಾ ಅಳತೆಗಿಂತ ದೊಡ್ಡ ಟೈರು ಹಾಕಿಸಿದರೆ, ಮೀಟರ್ ನಿಜವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಪರೀಕ್ಷೆ ಸುಲಭ. ಮುಳ್ಳನ್ನು 60ರಲ್ಲಿ ಸ್ಥಿರವಾಗಿಟ್ಟು ಓಡಿಸುವಾಗ, ಪಕ್ಕದಲ್ಲಿ ಕುಳಿತವರು ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಗಡಿಯಾರ ನೋಡಲಿ. ಸರಿಯಾಗಿ 60 ಸೆಕೆಂಡು ಬೇಕು. 45 ಸೆಕೆಂಡಿಗೇ ತಲುಪಿದರೆ ನಿಜವೇಗ 80! ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ, ಬ್ರೇಕ್ ಒತ್ತಿದ ಮೇಲೆ ಕಾರು ಸುಮಾರು 1.8 ಪಟ್ಟು ಹೆಚ್ಚು ದೂರ ಸಾಗಿ ನಿಲ್ಲುತ್ತದೆ. ರಸ್ತೆ ದಾಟುವ ಮಗುವಿಗೆ ಆ ಅಂತರವೇ ಪ್ರಾಣ.

ಹಳೆಯ ಸ್ಕೂಟರುಗಳಲ್ಲೂ ಇದೇ ಏರ್ಪಾಡಿದೆ. ಅಲ್ಲಿ ಕೇಬಲ್ ಸಾಮಾನ್ಯವಾಗಿ ಮುಂಚಕ್ರದಿಂದ ಹೊರಡುತ್ತದೆ. ಹಿರಿಯರ ಅನುಮತಿ ಪಡೆದು, ಗಾಡಿ ನಿಂತಿರುವಾಗ ಒಮ್ಮೆ ಗಮನಿಸಿ. ಪಠ್ಯಪುಸ್ತಕದ ಲೆನ್ಸ್ ಅಲ್ಲಿಯೇ ಸಿಗುತ್ತಾನೆ.